ವಿಗ್ಗಿನ ಬಾಯಾರಿಕೆ

ವಿಗ್ ಹಾಕಿದವರು ಸಿಕ್ಕಿಬೀಳೋದು ಹಣೆಯಂಚಿನಲ್ಲಿ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಜಾಲರಿ ಕಾಣ್ತಿದೆಯಾ, ಅಂಟು ಬಿಟ್ಟಿದೆಯಾ ಅಂತ ಕನ್ನಡಿ ಮುಂದೆ ಹತ್ತು ನಿಮಿಷ ನಿಲ್ತಾರೆ. ನಾಲ್ಕು ವರ್ಷದಿಂದ ನೆತ್ತಿಗೊಂದು ಪ್ಯಾಚ್ ಅಂಟಿಸಿಕೊಂಡು ಓಡಾಡ್ತಿರೋ ನಾನು ಹೇಳೋದಾದರೆ, ಅಂಚನ್ನು ಯಾರೂ ಅಷ್ಟು ಹತ್ತಿರದಿಂದ ನೋಡೋದಿಲ್ಲ. ದೂರದಿಂದಲೇ ಗುಟ್ಟು ಬಿಟ್ಟುಕೊಡೋದು ಒಣಗಿದ ಕೂದಲು. ಕಿವಿಯ ಮೇಲಿರೋ ನನ್ನ ಸ್ವಂತ ಕೂದಲು ಸ್ವಲ್ಪ ಜಿಡ್ಡಾಗಿ ಮಿಂಚ್ತಿರುತ್ತೆ, ಮೇಲಿಂದು ಹಳೇ ಪೊರಕೆಯ ತುದಿ ಥರ ಎದ್ದು ನಿಂತಿರುತ್ತೆ. ಆಫೀಸಿನ ಬಿಳಿ ಎಲ್‌ಇಡಿ ದೀಪದ ಕೆಳಗೆ ಇವೆರಡರ ನಡುವಿನ ಗೆರೆ ಬೆಳಗಾವಿ ಗಡಿಗಿಂತ ಸ್ಪಷ್ಟ.

ದುಡ್ಡಿನ ಲೆಕ್ಕ ಬೇರೆ. ಈಗಿರೋ ಪ್ಯಾಚಿಗೆ ನಾನು ಕೊಟ್ಟದ್ದು 18,000 ರೂಪಾಯಿ. ಅದು ನಾಲ್ಕು ತಿಂಗಳಿಗೆ ನಾರಾಗುತ್ತೋ, ಹತ್ತು ತಿಂಗಳು ಬಾಳುತ್ತೋ ಅನ್ನೋದು ಬಹುಮಟ್ಟಿಗೆ ಬಾತ್‌ರೂಮಿನ ಕಪಾಟಿನಲ್ಲಿ ಯಾವ ಡಬ್ಬಿ ಇದೆ ಅನ್ನೋದರ ಮೇಲೆ ನಿಂತಿದೆ. ಆದರೆ ಇದನ್ನು ಯಾರನ್ನ ಕೇಳೋದು? ಮೂವತ್ತು ದಾಟಿದ ನಮ್ಮಂಥ ಹುಡುಗರು ಇಎಂಐ ಬಗ್ಗೆ, ಕೆಲಸ ಹೋದದ್ದರ ಬಗ್ಗೆ, ಮುರಿದ ಮದುವೆ ಬಗ್ಗೆ ಕೂಡ ಚಹಾ ಅಂಗಡಿ ಮುಂದೆ ನಿಂತು ಮಾತಾಡ್ತೀವಿ. ಪ್ಯಾಚ್ ವಿಷಯಕ್ಕೆ ಬಂದರೆ ಬಾಯಿಗೆ ಬೀಗ. ಹಾಗಾಗಿ ಪ್ರತಿಯೊಬ್ಬನೂ ಪ್ಯಾಚ್ ಕೂರಿಸಿದ ಅಂಗಡಿಯವನು ಕೈಗಿಟ್ಟ ಸ್ಪ್ರೇಯನ್ನೇ ತೀರ್ಥ ಅಂತ ತಗೊಂಡು ಬರ್ತಾನೆ. ನನಗೆ ಕೊಟ್ಟ ಸ್ಪ್ರೇ ಬಾಟಲಿಯನ್ನ ತಿರುಗಿಸಿ ಓದಿದೆ. ಪಟ್ಟಿಯಲ್ಲಿ ಮೊದಲನೇ ಹೆಸರೇ ಆಲ್ಕೋಹಾಲ್ ಡಿನ್ಯಾಟ್. ಅದನ್ನ ಹಾಗೇ ಮುಚ್ಚಿ ಇಟ್ಟೆ. ಅವತ್ತಿಂದ ಡಬ್ಬಿಗಳ ಹಿಂಭಾಗ ಓದೋ ಚಟ ಹತ್ತಿದೆ. ಲಾಗ್ ಫೈಲ್ ಓದಿ ಅಭ್ಯಾಸ ಇರೋರಿಗೆ ಇದೇನು ಕಷ್ಟದ ಕೆಲಸ ಅಲ್ಲ.

ಮೊದಲು ಪ್ಯಾಚು ಯಾಕೆ ಒಣಗುತ್ತೆ ಅಂತ ನೋಡೋಣ. ಕೂದಲು ಅನ್ನೋದು ಯಾರ ತಲೆ ಮೇಲಿದ್ದರೂ ಸತ್ತ ವಸ್ತುವೇ, ಕೆರಾಟಿನ್ ಅನ್ನೋ ಪ್ರೋಟೀನಿನ ದಾರ. ಆದರೆ ನಿಮ್ಮ ತಲೆಯಲ್ಲಿ ಪ್ರತಿ ಕೂದಲಿನ ಬುಡಕ್ಕೂ ಒಂದು ಪುಟ್ಟ ಎಣ್ಣೆ ಗ್ರಂಥಿ ಇದೆ, ದಿನವಿಡೀ ಅಷ್ಟಷ್ಟೇ ಜಿಡ್ಡು ಸುರಿಸ್ತಾ ಇರುತ್ತೆ. ಪ್ಯಾಚಿನ ಕೂದಲು ಜಾಲರಿಗೆ ಗಂಟು ಹಾಕಿದ್ದು, ಅದರ ಬುಡದಲ್ಲಿ ಏನೂ ಇಲ್ಲ. ನಮ್ಮೂರ ಭಾಷೇಲಿ ಹೇಳಬೇಕಂದರೆ ನಿಮ್ಮದು ತರಿ ಜಮೀನು, ಪ್ಯಾಚು ಖುಷ್ಕಿ. ನಾವಾಗಿ ಹೊತ್ತು ಹಾಕಿದಷ್ಟೇ ಅದಕ್ಕೆ ಪಸೆ.

ಇನ್ನೊಂದು ಕಾರಣ ಆ ಕೂದಲು ಬಂದ ದಾರಿ. ನಾನು ಕೊಪ್ಪಳದ ಕಡೆಯವನು. ಚಿಕ್ಕವನಿದ್ದಾಗ ಓಣಿಗೆ ಕೂದಲು ಕೊಳ್ಳೋರು ಬರ್ತಿದ್ದರು. ಬಾಚಣಿಗೆಗೆ ಸಿಕ್ಕ ಕೂದಲನ್ನ ಅವ್ವ ಉಂಡೆ ಮಾಡಿ ಗೋಡೆಯ ಸಂದಿಗೆ ತುರುಕಿ ಇಡ್ತಿದ್ದಳು. ಅದಕ್ಕೆ ಬದಲಾಗಿ ಪಿನ್ನು, ಬಳೆ, ಉಂಡೆ ದೊಡ್ಡದಿದ್ದರೆ ಒಂದು ಸ್ಟೀಲ್ ಬೋಗುಣಿ. ಆ ಉಂಡೆಗಳೆಲ್ಲ ಕೊಪ್ಪಳದ ಪಕ್ಕದ ಭಾಗ್ಯನಗರಕ್ಕೆ ಹೋಗುತ್ತವೆ, ಅಲ್ಲಿ ಕೂದಲು ಹಸನು ಮಾಡೋದು ಮನೆಮನೆಯ ಕಸುಬು. ಹೆಂಗಸರು ಕೂತು ಒಂದೊಂದೇ ಸಿಕ್ಕು ಬಿಡಿಸಿ, ಉದ್ದದ ಪ್ರಕಾರ ಬೇರೆ ಮಾಡಿ ಕಟ್ಟು ಕಟ್ಟುತ್ತಾರೆ. ತಿರುಮಲದ ಕಲ್ಯಾಣಕಟ್ಟೆಯಲ್ಲಿ ಮುಡಿ ಕೊಟ್ಟ ಕೂದಲಿನದ್ದು ಬೇರೆ ದರ್ಜೆ. ಅದು ಬುಡ ಒಂದು ಕಡೆ, ತುದಿ ಒಂದು ಕಡೆ ಇರೋ ಹಾಗೆ ಸಿಗುತ್ತೆ, ಹರಾಜಿನಲ್ಲಿ ಒಳ್ಳೆ ಬೆಲೆಗೆ ಹೋಗುತ್ತೆ. ಬಾಚಣಿಗೆ ಉಂಡೆಯಲ್ಲಿ ಬುಡ ತುದಿ ಎಲ್ಲಾ ಕಲಸುಮೇಲೋಗರ.

ಇದು ಯಾಕೆ ಮುಖ್ಯ ಅಂದರೆ, ಕೂದಲಿನ ಮೈಮೇಲೆ ಹೆಂಚು ಹೊದಿಸಿದ ಹಾಗೆ ಸಣ್ಣ ಪದರಗಳಿವೆ, ಎಲ್ಲವೂ ತುದಿಯ ಕಡೆಗೇ ಇಳಿಜಾರು. ದಿಕ್ಕು ತಪ್ಪಿದ ಕೂದಲುಗಳನ್ನ ಒಟ್ಟಿಗೆ ಹಾಕಿದರೆ ಈ ಹೆಂಚುಗಳು ಒಂದಕ್ಕೊಂದು ಕಚ್ಚಿಕೊಂಡು ಗಂಟಾಗುತ್ತವೆ. ಅದಕ್ಕೆ ಕಾರ್ಖಾನೆಯವರು ಆಮ್ಲದಲ್ಲಿ ಅದ್ದಿ ಹೆಂಚನ್ನೇ ಕಿತ್ತು, ಮೇಲೆ ಸಿಲಿಕೋನ್ ಬಳಿದು ಮಿಂಚಿಸ್ತಾರೆ. ಹೊಸ ಪ್ಯಾಚು ಮೊದಲ ವಾರ ಸಿನಿಮಾ ಹೀರೋ ಥರ ಹೊಳೆಯೋದು ಈ ಬಣ್ಣದಿಂದ. ನಾಲ್ಕಾರು ಸಲ ತೊಳೆದ ಮೇಲೆ ಬಣ್ಣ ಇಳಿದು ಒಳಗಿನ ಬರಿಮೈ ಕೂದಲು ಹೊರಗೆ ಬರುತ್ತೆ. ಮಾಡು ಹೋದ ಮನೆ ಅದು. ನೀರು ಎಷ್ಟು ಬೇಗ ಒಳಗೆ ಬರುತ್ತೋ ಅಷ್ಟೇ ಬೇಗ ಹೊರಗೆ ಹೋಗುತ್ತೆ. ಇಂಥ ಕೂದಲಿಗೆ ಜೆಲ್ ಹಚ್ಚೋದಾ, ವ್ಯಾಕ್ಸ್ ಹಚ್ಚೋದಾ ಅನ್ನೋದು ಬರೀ ಸ್ಟೈಲಿನ ಪ್ರಶ್ನೆ ಅಲ್ಲ ಬಿಡಿ.

ಆಲ್ಕೋಹಾಲ್ ವಿಷಯಕ್ಕೆ ಬರ್ತೀನಿ. ಬಾಟಲಿ ಮೇಲೆ ಆ ಪದ ಕಂಡರೆ ಸಾಕು, ದೂರ ಇಡಿ ಅನ್ನೋರಿದ್ದಾರೆ. ಪೂರ್ತಿ ಸರಿಯಲ್ಲ. ಆಲ್ಕೋಹಾಲ್ ಅನ್ನೋದು ಗೌಡ್ರು ಅನ್ನೋ ಹೆಸರಿನ ಹಾಗೆ, ಊರಿಗೆ ಹತ್ತು ಜನ ಇರ್ತಾರೆ, ಎಲ್ಲರೂ ಒಬ್ಬರಲ್ಲ. ಆಲ್ಕೋಹಾಲ್ ಡಿನ್ಯಾಟ್, ಎಸ್‌ಡಿ ಆಲ್ಕೋಹಾಲ್, ಐಸೋಪ್ರೊಪೈಲ್ ಆಲ್ಕೋಹಾಲ್, ಇವು ಬೇಗ ಆರಿಹೋಗೋ ಜಾತಿ. ಹೇರ್‌ಸ್ಪ್ರೇಗೆ ಇವು ಬೇಕೇ ಬೇಕು, ಯಾಕಂದರೆ ಇವು ಆರಿದ ಮೇಲೆಯೇ ಪಾಲಿಮರ್ ಪದರ ಗಟ್ಟಿಯಾಗಿ ಕೂದಲನ್ನ ಹಿಡಿದು ನಿಲ್ಲಿಸೋದು. ದಿನಾ ಹೊಡೆದರೆ ಇರೋ ಚೂರು ಜಿಡ್ಡನ್ನೂ ತಮ್ಮ ಜೊತೆ ಎಳಕೊಂಡು ಹೋಗುತ್ತವೆ. ಸೀಟೈಲ್, ಸ್ಟಿಯರೈಲ್, ಸೀಟಿಯರೈಲ್ ಆಲ್ಕೋಹಾಲ್‌ಗಳು ಮಾತ್ರ ಮೇಣದಂಥ ಪದಾರ್ಥಗಳು. ಕಂಡೀಶನರ್‌ಗೆ ಆ ಬೆಣ್ಣೆಯಂಥ ಮೈ ಬರೋದೇ ಇವುಗಳಿಂದ. ಇವು ನೆಂಟರು. ಪಟ್ಟಿಯಲ್ಲಿ ಹೆಸರು ಬರೋದು ಪ್ರಮಾಣದ ಇಳಿಕೆ ಕ್ರಮದಲ್ಲಿ, ಹಾಗಾಗಿ ಮೊದಲ ನಾಲ್ಕೈದು ಹೆಸರು ನೋಡಿದರೆ ಬಾಟಲಿಯ ಜಾತಕ ಗೊತ್ತಾಗುತ್ತೆ. ಮುಂದುಗಡೆ ದೊಡ್ಡಕ್ಷರದಲ್ಲಿ ಬರೆದ ಅರ್ಗಾನು, ಕೆರಾಟಿನ್ನು ಬಹಳ ಸಲ ಪಟ್ಟಿಯ ಬಾಲದಲ್ಲಿ ಸುಗಂಧದ ಪಕ್ಕ ಮುದುಡಿ ಕೂತಿರುತ್ತವೆ.

ಒಂದು ತಮಾಷೆ ಏನಂದರೆ, ಪ್ಯಾಚು ತೆಗೆಯೋವಾಗ ಟೇಪಿನ ಅಂಟು ಬಿಡಿಸಲಿಕ್ಕೆ ಅದೇ ಐಸೋಪ್ರೊಪೈಲ್ ಬೇಕು. ಜಾಲರಿಯ ಅಡಿಗೆ ಅದು ಔಷಧಿ, ಮೇಲಿನ ಕೂದಲಿಗೆ ವಿಷ. ಎಣ್ಣೆಯದ್ದು ಸರಿಯಾಗಿ ಉಲ್ಟಾ. ಕೂದಲಿಗೆ ಒಳ್ಳೇದು, ಬುಡಕ್ಕೆ ಇಳಿದರೆ ಟೇಪು ಬಿಟ್ಟುಕೊಂಡು ಮಧ್ಯಾಹ್ನದ ಮೀಟಿಂಗ್ ಹೊತ್ತಿಗೆ ಮಾನ ಹರಾಜು.

ವ್ಯಾಕ್ಸು, ಪೊಮೇಡುಗಳಲ್ಲಿ ಆಲ್ಕೋಹಾಲ್ ಇರಲ್ಲ, ಹಾಗಾಗಿ ಅವು ಸುರಕ್ಷಿತ ಅಂತ ಕಾಣುತ್ತೆ. ಇಲ್ಲೇ ನನ್ನ ತಕರಾರು. ಒಂದು ಡಬ್ಬಿ ಕೂದಲನ್ನ ಒಣಗಿಸುತ್ತಾ ಅಂತ ತಿಳೀಬೇಕಾದರೆ ಅದು ಹೇಗೆ ಹತ್ತುತ್ತೆ ಅನ್ನೋದರ ಜೊತೆಗೆ ಹೇಗೆ ಬಿಡುತ್ತೆ ಅಂತಲೂ ನೋಡಬೇಕು. ಪೆಟ್ರೋಲಿಯಂ ಜೆಲ್ಲಿಯೋ ಜೇನುಮೇಣವೋ ತುಂಬಿದ ಗಟ್ಟಿ ಪೊಮೇಡು ಬರೀ ನೀರಿಗೆ ಜಪ್ಪಯ್ಯ ಅನ್ನಲ್ಲ. ಅದನ್ನ ಬಿಡಿಸಲು ಸಲ್ಫೇಟ್ ಇರೋ ಜೋರು ಶಾಂಪೂ ಎರಡೆರಡು ಸಲ ಹಾಕಬೇಕು. ಸೋಡಿಯಂ ಲಾರಿಲ್ ಸಲ್ಫೇಟ್ ಕೆಲಸ ಪಾತ್ರೆಯ ಜಿಡ್ಡು ತೆಗೆದ ಹಾಗೆ, ಒಳ್ಳೆ ಜಿಡ್ಡು ಕೆಟ್ಟ ಜಿಡ್ಡು ಅಂತ ಭೇದ ಇಲ್ಲ. ನಮ್ಮ ನೆತ್ತಿಯಾದರೆ ಮಾರನೇ ದಿನ ಮತ್ತೆ ಜಿಡ್ಡು ಸುರಿಸಿಕೊಳ್ಳುತ್ತೆ. ಪ್ಯಾಚು ಎಲ್ಲಿಂದ ತರಬೇಕು? ಹಚ್ಚಿದ ದಿನ ಒಣಗಿಸದ ಪೊಮೇಡು ತೊಳೆದ ದಿನ ಒಣಗಿಸುತ್ತೆ.

ಅದಕ್ಕೇ ನಾನು ನೀರಿಗೆ ಬಿಡೋ ಕ್ರೀಮನ್ನೇ ಬಳಸೋದು. ಪಟ್ಟಿಯಲ್ಲಿ ನೀರು, ಸೀಟಿಯರೈಲ್ ಆಲ್ಕೋಹಾಲ್, ಆಮೇಲೆ ಬೆಹೆಂಟ್ರಿಮೋನಿಯಂ ಅಥವಾ ಸೆಟ್ರಿಮೋನಿಯಂ ಕ್ಲೋರೈಡ್ ಇದ್ದರೆ ಸಾಕು. ಇವೆರಡಕ್ಕೆ ಧನ ವಿದ್ಯುದಂಶ, ಹಾಳಾದ ಕೂದಲಿನ ಮೈಗೆ ಋಣ ವಿದ್ಯುದಂಶ, ಹಾಗಾಗಿ ತಾನಾಗೇ ಹೋಗಿ ಅಂಟಿಕೊಳ್ಳುತ್ತವೆ. ಅಮೋಡೈಮೆಥಿಕೋನ್ ಅನ್ನೋ ಸಿಲಿಕೋನ್ ಕೂಡ ಹಾಗೇ, ಹೆಚ್ಚು ಹಾಳಾದ ಜಾಗ ಹುಡುಕಿ ಕೂರುತ್ತೆ. ಸಿಲಿಕೋನ್ ಅಂದರೆ ಮೂಗು ಮುರಿಯೋದು ಈಗ ಫ್ಯಾಷನ್. ಬೆಳೆಯೋ ಕೂದಲಿನವರು ಬೇಕಾದರೆ ಮುರೀಲಿ. ಮಾಡು ಹೋದ ಮನೆಗೆ ಟಾರ್ಪಾಲ್ ಬೇಡ ಅಂದರೆ ಹೇಗೆ?

ಜೆಲ್ ಬೇಕೇ ಬೇಕು ಅನ್ನೋರು ಗ್ಲಿಸರಿನ್ ಇರೋದನ್ನ ನೋಡಿ ಕೊಳ್ಳಿ, ಆದರೆ ಕಾಲ ನೋಡಿ ಹಚ್ಚಿ. ಗ್ಲಿಸರಿನ್ ಗಾಳಿಯ ಪಸೆ ಎಳೆದು ಹಿಡಿದುಕೊಳ್ಳುತ್ತೆ. ಮಂಗಳೂರಿನ ಗಾಳಿಯಲ್ಲಿ ಪಸೆಗೆ ಬರ ಇಲ್ಲ, ಅಲ್ಲಿ ಜಾಸ್ತಿಯಾದರೆ ಕೂದಲು ಅಂಟಂಟು. ಫೆಬ್ರವರಿ ಮಾರ್ಚಿನ ಬೆಂಗಳೂರಲ್ಲಿ, ಅದರಲ್ಲೂ ದಿನಕ್ಕೆ ಒಂಬತ್ತು ಗಂಟೆ ಏಸಿ ಕೆಳಗೆ ಕೂರೋರಿಗೆ, ಎಳೆಯೋಣ ಅಂದರೆ ಗಾಳಿಯಲ್ಲಿ ಪಸೆಯೇ ಕಡಿಮೆ. ಆ ತಿಂಗಳುಗಳಲ್ಲಿ ಅದರ ಮೇಲೊಂದು ಹನಿ ಸೀರಮ್ ಸವರಿದರೆ ಒಳಗಿನದ್ದು ಒಳಗೇ ನಿಲ್ಲುತ್ತೆ.

ನೀರಿನ ಕಥೆ ಹೇಳದಿದ್ದರೆ ಆಗಲ್ಲ. ನಾನಿರೋ ಕಡೆ ಟ್ಯಾಂಕರು, ಬೋರ್‌ವೆಲ್ಲು. ಬಕೆಟ್ಟಿನಲ್ಲಿ ಬಿಳಿ ಗೆರೆ ಕಟ್ಟೋ ನೀರು ಪ್ಯಾಚಿನ ಮೇಲೂ ಅದೇ ಸುಣ್ಣ ಬಿಟ್ಟು ಹೋಗುತ್ತೆ, ಮೇಲೆ ಎಂಥಾ ದುಬಾರಿ ಕ್ರೀಮು ಹಚ್ಚಿದರೂ ಕೂದಲು ಒರಟು ಒರಟು. ಹತ್ತು ದಿನಕ್ಕೊಮ್ಮೆ ತೊಳೆದಾಗ ಕೊನೆಯ ಎರಡು ಚೊಂಬು ಫಿಲ್ಟರ್ ನೀರು ಹಾಕ್ತೀನಿ. ಕುಡಿಯೋ ನೀರನ್ನ ವಿಗ್ಗಿಗೆ ಸುರೀತೀಯಲ್ಲೋ ಅಂತ ರೂಮ್‌ಮೇಟ್ ಬೈತಾನೆ. ಬೈಯಲಿ. ಇಡೀ ಬೆಂಗಳೂರಿನಲ್ಲಿ ನನ್ನ ಪ್ಯಾಚಿನ ವಿಷಯ ಗೊತ್ತಿರೋದು ಅವನೊಬ್ಬನಿಗೆ, ಅಷ್ಟು ಹಕ್ಕು ಇದೆ. ಅಂದರೆ ಇಲ್ಲಿಯವರೆಗೆ. ಇನ್ನು ನಿಮಗೂ ಗೊತ್ತು.

ಊರಲ್ಲಿ ಗೊತ್ತಿರೋದು ಅವ್ವನಿಗೆ. ಕಳೆದ ದೀಪಾವಳಿಗೆ ಹೋದಾಗ, ನೀರು ತುಂಬೋ ಹಬ್ಬದ ಮರುದಿನ ಬೆಳಿಗ್ಗೆ, ಎಣ್ಣೆ ಬಟ್ಟಲು ಹಿಡಕೊಂಡು ಬಂದು ನಿಂತಳು. ನನ್ನ ತಲೆ ಬೋಳಾದ ಮೇಲೆ ಅವಳು ಅದನ್ನ ಮುಟ್ಟಿರಲಿಲ್ಲ, ನಾನೂ ಬಗ್ಗಿರಲಿಲ್ಲ. ಸ್ವಲ್ಪ ಹೊತ್ತು ನೋಡಿ, “ಅದು ಭಾಳ ಒಣಗೇತಿ ನೋಡೋ, ಅದಕ್ಕೂ ಒಂದೀಟು ಹಚ್ಚಲೇನು?” ಅಂದಳು. ಬುಡಕ್ಕೆ ಬೇಡವ್ವ, ತುದಿಗೆ ಅಷ್ಟೇ ಅಂದೆ. ಯಾರದೋ ಮಗಳ ಕೂದಲಿಗೆ ಬಾಚೋ ಥರ, ಎರಡು ಬೆರಳ ನಡುವೆ ತುದಿ ಹಿಡಿದು ನಿಧಾನಕ್ಕೆ ಸವರಿದಳು. ತೆಂಗಿನೆಣ್ಣೆಯ ಅಣು ಸಣ್ಣದು, ನೇರ, ಹಾಗಾಗಿ ಮಿನರಲ್ ಆಯಿಲ್ ಥರ ಮೇಲೇ ನಿಲ್ಲದೆ ಕೂದಲಿನ ಒಳಗೂ ಇಳಿದು ಪ್ರೋಟೀನ್ ನಷ್ಟ ತಗ್ಗಿಸುತ್ತೆ ಅಂತ 2003ರಲ್ಲೇ ಪ್ರಕಟವಾದ ಸಂಶೋಧನೆ ಇದೆ. ಅದನ್ನೆಲ್ಲ ಅವಳಿಗೆ ಹೇಳಲಿಲ್ಲ. “ಹ್ಞಾಂ, ಈಗ ಜೀವ ಬಂತು” ಅಂತ ಬಟ್ಟಲು ಎತ್ತಿಕೊಂಡು ಒಳಗೆ ಹೋದಳು.

ಈಗ ತೊಳೆಯೋ ಹಿಂದಿನ ರಾತ್ರಿ ಪ್ಯಾಚು ತೆಗೆದಿಟ್ಟು ತುದಿಗಳಿಗೆ ನಾಲ್ಕು ಹನಿ ತೆಂಗಿನೆಣ್ಣೆ, ಬೆಳಿಗ್ಗೆ ಸಲ್ಫೇಟ್ ಇಲ್ಲದ ಶಾಂಪೂ, ಕಂಡೀಶನರ್, ಟವೆಲಿನಲ್ಲಿ ಉಜ್ಜದೆ ಒತ್ತಿ, ಫ್ಯಾನ್ ಕೆಳಗೆ ಒಣಗಿಸೋದು. ಡ್ರೈಯರ್ ಮುಟ್ಟಲ್ಲ. ಒದ್ದೆ ಕೂದಲಿಗೆ ಅತಿ ಬಿಸಿ ಹೊಡೆದರೆ ಒಳಗಿನ ನೀರು ಕುದ್ದು ಗುಳ್ಳೆ ಏಳುತ್ತೆ, ಕೂದಲು ಅಲ್ಲೇ ಮುರಿಯುತ್ತೆ. ಬೆಳಿಗ್ಗೆ ಕಡಲೆಕಾಳಿನಷ್ಟು ಕ್ರೀಮು ಅಂಗೈಗೆ ಉಜ್ಜಿ, ಮಧ್ಯದಿಂದ ತುದಿಗೆ. ಹೆಲ್ಮೆಟ್ ಒಳಗೊಂದು ಸ್ಯಾಟಿನ್ ಟೋಪಿ. ಇನ್ನು ನಿಮ್ಮದು ಸಿಂಥೆಟಿಕ್ ಕೂದಲಾದರೆ ಈ ಇಡೀ ಪುರಾಣ ಲಾಗೂ ಆಗಲ್ಲ. ಪ್ಲಾಸ್ಟಿಕ್ಕಿಗೆ ಬಾಯಾರಿಕೆ ಇಲ್ಲ, ಎಣ್ಣೆ ಹಚ್ಚಿದರೆ ಧೂಳು ಹಿಡಿಯುತ್ತೆ ಅಷ್ಟೇ.

ನನ್ನ ಪ್ಯಾಚಿಗೆ ಇದು ಒಂಬತ್ತನೇ ತಿಂಗಳು. ಹಿಂಭಾಗದಲ್ಲಿ ಒಂದಿಷ್ಟು ಉದುರಿದೆ, ಬಣ್ಣ ಸ್ವಲ್ಪ ಕೆಂಪಗಾಗಿದೆ, ಆದರೂ ಬೆರಳು ಸಲೀಸಾಗಿ ಆಡುತ್ತೆ. ಯುಗಾದಿಗೆ ಹೊಸದು ತರಿಸಬೇಕು. ಹಳೇದನ್ನ ಬಿಸಾಕಬೇಡ, ಊರಿಗೆ ಬರುವಾಗ ತಗೊಂಬಾ ಅಂತ ಅವ್ವ ಫೋನಿನಲ್ಲಿ ಹೇಳಿದ್ದಾಳೆ. ಕೂದಲು ಕೊಳ್ಳೋರು ಈಗಲೂ ಬರ್ತಾರಂತೆ, ಒಂದು ಬೋಗುಣಿಯಾದರೂ ಬರುತ್ತಂತೆ.