ಹೊಗೆಯಿದ್ದಲ್ಲಿ ಅಜ್ಜಿ

ತರ್ಕಶಾಸ್ತ್ರಕ್ಕೆ ಕಾಲಿಟ್ಟವರೆಲ್ಲ ಮೊದಲು ಹತ್ತುವುದು ಒಂದೇ ಬೆಟ್ಟ. ಅಲ್ಲಿ ಹೊಗೆ ಏಳುತ್ತಿರುತ್ತದೆ, ಆದ್ದರಿಂದ ಬೆಂಕಿಯೂ ಇದೆ. 17ನೆಯ ಶತಮಾನದ ಅನ್ನಂಭಟ್ಟ ‘ತರ್ಕಸಂಗ್ರಹ’ದಲ್ಲಿ ನಮ್ಮನ್ನು ಹತ್ತಿಸುವುದೂ ಅದನ್ನೇ. ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ಕೊನೆಗೆ ತೀರ್ಮಾನವಾದ ನಿಗಮನ ಎಂದು ಐದು ಮೆಟ್ಟಿಲು. ಉದಾಹರಣೆ ಯಾವುದು? ಅಡುಗೆಮನೆ! ಪಾಪ, ಈಗಿನ ಅಡುಗೆಮನೆಯಲ್ಲಿ ಹೊಗೆ ಕಂಡರೆ ಒಗ್ಗರಣೆ ಸೀದಿದೆ ಎಂದರ್ಥ. ಬೆಟ್ಟದ ಪರ ಸಾಕ್ಷಿ ಹೇಳುವ ಯೋಗ್ಯತೆ ಅದಕ್ಕೆಲ್ಲಿಂದ ಬರಬೇಕು?

ಅಜ್ಜಿಯ ಅಡುಗೆಮನೆಗೆ ಆ ಯೋಗ್ಯತೆ ಧಾರಾಳವಾಗಿತ್ತು. ಮಳೆಗಾಲದಲ್ಲಿ ಹಸಿ ಸೌದೆ ಒಲೆಗೆ ತುರುಕಿ, ಊದುಗೊಳವೆಯಲ್ಲಿ ಊದಿ ಊದಿ, ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಬೆಂಕಿಯಿದ್ದ ಮಾತ್ರಕ್ಕೆ ಹೊಗೆ ಬರುವುದಿಲ್ಲ, ಸೌದೆ ಹಸಿಯಿರಬೇಕು ಎಂಬ ಸೂಕ್ಷ್ಮವನ್ನು ನ್ಯಾಯದರ್ಶನದ ಪಂಡಿತರಾದ ನೈಯಾಯಿಕರು ‘ಉಪಾಧಿ’ ಎಂದು ಹೆಸರಿಟ್ಟು ಚರ್ಚಿಸಿದ್ದಾರೆ. ಅಜ್ಜಿ ಅದನ್ನೇ ಸೌದೆಯವನ ವಂಶವನ್ನೆಲ್ಲ ಎಳೆದುತಂದು ಚರ್ಚಿಸುತ್ತಿದ್ದಳು.

“ಯಾಕಜ್ಜೀ ಅಳ್ತಿದ್ದೀ?”

“ಹೊಗೆ ಕಣೋ, ಆಚೆ ಹೋಗು.”

ಐದು ಮೆಟ್ಟಿಲನ್ನು ಒಂದೇ ನೆಗೆತಕ್ಕೆ ದಾಟುವ ಈ ಮಾತಿಗೆ ಎದುರಾಡುವ ಧೈರ್ಯ ಯಾರಿಗಿತ್ತು? ಆದರೆ ಶಾಸ್ತ್ರ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಕಣ್ಣೀರಿನಿಂದ ಹೊಗೆಯನ್ನು ಸಾಧಿಸಹೊರಟರೆ ಅದು ಸವ್ಯಭಿಚಾರ, ಅಂದರೆ ದಾರಿ ತಪ್ಪಿಸುವ ಹೇತು. ಈರುಳ್ಳಿ ಹೆಚ್ಚುವಾಗಲೂ ಕಣ್ಣೀರು ಬರುತ್ತದೆ, ಏನೂ ಹೆಚ್ಚದೆ ಸುಮ್ಮನೆ ಕೂತಾಗಲೂ ಬರುತ್ತದೆ.

ನ್ಯಾಯಮತದಲ್ಲಿ ಸುಖದುಃಖಗಳು ಆತ್ಮದ ಗುಣಗಳು. ನನ್ನ ದುಃಖ ನನಗೆ ಮನಸ್ಸಿನ ಮೂಲಕ ನೇರ ಪ್ರತ್ಯಕ್ಷ, ಅದಕ್ಕೆ ಹೇತು ಹುಡುಕಬೇಕಿಲ್ಲ. ನಿಮ್ಮದಾದರೆ ಮುಖ ನೋಡಿ ಊಹಿಸಬೇಕು. 1974ರಲ್ಲಿ ಥಾಮಸ್ ನೇಗೆಲ್ ಎಂಬ ತತ್ತ್ವಜ್ಞಾನಿ, ಬಾವಲಿಯಾಗಿರುವುದು ಬಾವಲಿಗೆ ಹೇಗನ್ನಿಸುತ್ತದೆ ಎಂದು ಕೇಳಿ ವಿದ್ವಾಂಸರ ನಿದ್ದೆ ಕೆಡಿಸಿದರು. ಎಷ್ಟು ವಿಜ್ಞಾನ ಓದಿದರೂ ಅದು ಹೊರಗಿನಿಂದ ತಿಳಿಯುವಂಥದ್ದಲ್ಲ ಎಂಬುದು ಅವರ ವಾದ. ಅಷ್ಟಕ್ಕೆ ಬಾವಲಿಯವರೆಗೆ ಹೋಗಬೇಕಿತ್ತೆ?

ಬೆಂಕಿಯಿದ್ದಲ್ಲೆಲ್ಲ ಹೊಗೆ ಇರಬೇಕೆಂದಿಲ್ಲ ಎನ್ನಲು ಶಾಸ್ತ್ರಕಾರರು ಕಾದ ಕಬ್ಬಿಣದ ಗುಂಡನ್ನು ತೋರಿಸುತ್ತಾರೆ. ಮೈಯೆಲ್ಲ ಬೆಂಕಿ, ಹೊಗೆ ಒಂದೆಳೆಯೂ ಇಲ್ಲ. ಅಜ್ಜ ಹೋದ ದಿನ ಅಜ್ಜಿ ಹಾಗೇ ಕೂತಿದ್ದಳು. ಬಂದವರೆಲ್ಲ ಒಣಗಿದ ಕಣ್ಣು ನೋಡಿ, “ಗಟ್ಟಿ ಹೆಂಗಸು” ಎಂದು ನಿಗಮನ ಹೇಳಿ ಸಂಜೆಯ ಬಸ್ಸು ಹಿಡಿದರು.

ಆ ಮಳೆಗಾಲ, ಅಟ್ಟದ ತುಂಬ ಒಣಸೌದೆ ಇದ್ದರೂ ಅಜ್ಜಿ ಹಸಿಯದನ್ನೇ ಹೇಳಿ ಹಾಕಿಸಿಕೊಂಡಳು. ಬೈಗುಳವೂ ಇಲ್ಲ. ಸೌದೆಯವನು ತನ್ನ ಮಾಲು ಸುಧಾರಿಸಿದೆ ಎಂದು ಊಹಿಸಿ, ಹೊರೆಗೆ ನಾಲ್ಕಾಣೆ ಏರಿಸಿದ.