ಫೋನೇ ವಾಸಿಯಾಗಿತ್ತಲ್ಲ!

ಮನೆಗೆ ಹೊಸ ಡಿಜಿಟಲ್ ಕ್ಯಾಮೆರಾ ಬಂದರೆ ಮೊದಲ ವಾರ ಹಬ್ಬ. ಎರಡನೆಯ ವಾರ ಸಣ್ಣ ದನಿಯಲ್ಲಿ ಗೊಣಗಾಟ. ಮೂರನೆಯ ವಾರ ಯಾರಾದರೊಬ್ಬರು ಆ ಮಾತನ್ನು ಆಡಿಯೇ ಬಿಡುತ್ತಾರೆ: ‘ಇದಕ್ಕಿಂತ ಫೋನೇ ವಾಸಿಯಾಗಿತ್ತಲ್ಲ!’ ಕಂತು ಕಟ್ಟುವವರು ಅಪ್ಪ, ಚಿತ್ರ ತೆಗೆಯುವವನು ಮಗ ಆದರಂತೂ ಮಾತಿಗೆ ಖಾರ ಹೆಚ್ಚು.

ಉರಿಗಾಂನ ಒಂದು ಮನೆಯಲ್ಲಿ ಆದದ್ದೂ ಇದೇ. ಮಗ ಎರಡನೇ ಪಿಯುಸಿ ವಿಜ್ಞಾನದ ವಿದ್ಯಾರ್ಥಿ. ಅಪ್ಪ ದಿನವೂ ನಸುಕಿನಲ್ಲೆದ್ದು ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುವವರು. 2001ರ ಫೆಬ್ರುವರಿ 28ರಂದು ಚಿನ್ನದ ಗಣಿ ಮುಚ್ಚಿದ ಮೇಲೆ ಮಾರಿಕುಪ್ಪಂ, ಚಾಂಪಿಯನ್, ಉರಿಗಾಂ, ಕೋರಮಂಡಲ್ ನಿಲ್ದಾಣಗಳಲ್ಲಿ ಮುಂಜಾನೆಯ ರೈಲಿಗೆ ಕಾಯುವುದೇ ಈ ಊರಿನ ದಿನಚರಿಯಾಗಿದೆ. ಅದನ್ನೇ ಚಿತ್ರದಲ್ಲಿ ಹಿಡಿದು ಕಾಲೇಜಿನ ವಾರ್ಷಿಕ ಸಂಚಿಕೆಗೆ ಕೊಡಬೇಕೆಂಬುದು ಹುಡುಗನ ಆಸೆ. ನಾಲ್ಕು ದಿನ ಅಪ್ಪನ ಜೊತೆಯಲ್ಲೇ ಎದ್ದು ನಿಲ್ದಾಣಕ್ಕೆ ಹೋದ. ನಾಲ್ಕು ದಿನವೂ ಅಪ್ಪನ ಮುಖ ಕಾಳು ಕಾಳಾಗಿ, ಅಲುಗಿ, ರವೆ ಚೆಲ್ಲಿದ ಹಾಗೆ ಬಂತು. ಹಗಲಿನಲ್ಲಿ ಸೈನೈಡ್ ದಿಬ್ಬದ ಚಿತ್ರ ತೆಗೆದರೆ ಬಿಸಿಲಿಗೆ ಬೆಳ್ಳಗೆ ಹೊಳೆಯುವ ದಿಬ್ಬ ಬೂದಿಯ ಗುಡ್ಡೆಯಂತೆ ಮಂಕಾಯಿತು. ಐದನೆಯ ದಿನ ಕ್ಯಾಮೆರಾ ಪೆಟ್ಟಿಗೆ ಸೇರಿತು. ‘ಅಂಗಡಿಯವನು ಹಾಳಾದದ್ದನ್ನು ಕೊಟ್ಟಿದ್ದಾನೆ ಅಪ್ಪಾ, ವಾಪಸು ಮಾಡೋಣ’ ಎಂದ ಹುಡುಗ. ಅಪ್ಪ ಏನೂ ಹೇಳಲಿಲ್ಲ. ಏನೂ ಹೇಳದ ಅಪ್ಪಂದಿರೇ ಮಕ್ಕಳನ್ನು ಹೆಚ್ಚು ನೋಯಿಸುವುದು.

ಕ್ಯಾಮೆರಾ ಹಾಳಾಗಿರಲಿಲ್ಲ. ದಿಬ್ಬದ ಲೆಕ್ಕ ಸುಲಭ, ಅದನ್ನು ಮೊದಲು ಮುಗಿಸಬಹುದು. ಕ್ಯಾಮೆರಾಕ್ಕೆ ಎದುರಿಗಿರುವುದು ಬಿಳಿ ದಿಬ್ಬವೋ ಕರಿ ಎಮ್ಮೆಯೋ ತಿಳಿಯದು. ಎದುರಿನ ದೃಶ್ಯ ಸರಾಸರಿಯಲ್ಲಿ ನಡುಬೂದು ಬಣ್ಣದ್ದು, ಎಂದರೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಶೇಕಡ 18ರ ಆಸುಪಾಸು ಹಿಂದಿರುಗಿಸುವಂಥದ್ದು ಎಂದು ಭಾವಿಸಿಕೊಂಡು ಅದು ಲೆಕ್ಕ ಹಾಕುತ್ತದೆ. ಆದ್ದರಿಂದ ಬಿಳಿಯದನ್ನು ಬೂದು ಮಾಡುತ್ತದೆ, ಕರಿಯದನ್ನೂ ಬೂದು ಮಾಡುತ್ತದೆ. ಬೆಳಕು ಹೆಚ್ಚಿಸುವ ‘ಪ್ಲಸ್’ ಗುರುತನ್ನು ಒಂದು ಹಂತ ಏರಿಸಿದರೆ ದಿಬ್ಬ ತನ್ನ ಬಣ್ಣಕ್ಕೆ ಬರುತ್ತದೆ. (ಅಲ್ಲಿ ಗಾಳಿ ಬೀಸುವಾಗ ಲೆನ್ಸ್ ಬಿಚ್ಚಬಾರದು, ದಿಬ್ಬದ ನವಿರಾದ ದೂಳು ಒಳಗೆ ಹೊಕ್ಕರೆ ತೆಗೆಯುವುದು ಕಷ್ಟ.) ಅಂದಹಾಗೆ, ಅದಿರಿನ ಪುಡಿಯಿಂದ ಚಿನ್ನವನ್ನು ಕರಗಿಸಿ ತೆಗೆಯಲು ಬಳಸಿದ ಸೈನೈಡ್ ಫೋಟೊಗಳಿಗೂ ಹಳೆಯ ನೆಂಟ. 19ನೇ ಶತಮಾನದ ಛಾಯಾಗ್ರಾಹಕರು ಗಾಜಿನ ಫಲಕದ ಮೇಲೆ ಬೆಳಕು ತಾಕದೆ ಉಳಿದ ಬೆಳ್ಳಿಯ ಲವಣವನ್ನು ತೊಳೆಯಲು ಪೊಟಾಸಿಯಂ ಸೈನೈಡ್ ಬಳಸುತ್ತಿದ್ದರು. ಚಿತ್ರ ಬಾಳಿಕೆ ಬರಲೆಂದು ಚಿನ್ನದ ಲವಣದಲ್ಲಿ ಅದ್ದುತ್ತಿದ್ದರು. ಆ ಕಾಲದ ಕಲಿಕೆಯವನ ತಪ್ಪಿಗೆ ಪ್ರಾಣವೇ ದಂಡವಾಗಬಹುದಿತ್ತು. ಈಗ ಅಳಿಸುವ ಗುಂಡಿ ಒತ್ತಿದರೆ ಸಾಕು.

ಅಪ್ಪನ ಮುಖದ ಕಾಳುಗಳ ವಿಚಾರ ಇಷ್ಟು ಸುಲಭವಲ್ಲ. ಬೆಳಕು ಕೊಳಾಯಿ ನೀರಿನ ಧಾರೆಯಂತೆ ಒಂದೇ ಸಮ ಸುರಿಯುವುದಿಲ್ಲ. ಮಳೆಯಂತೆ ಹನಿಹನಿಯಾಗಿ ಬೀಳುತ್ತದೆ. ಹನಿಗಳ ಹೆಸರು ಫೋಟಾನ್. ತುಂತುರು ಮಳೆಯಲ್ಲಿ ಅಂಗಳದಲ್ಲಿ ಒಂದೇ ಅಳತೆಯ ಹತ್ತು ಲೋಟ ಇಟ್ಟು ಕ್ಷಣಕಾಲ ಬಿಟ್ಟು ನೋಡಿ. ಒಂದರಲ್ಲಿ ಏಳು ಹನಿ, ಪಕ್ಕದ್ದರಲ್ಲಿ ಹನ್ನೆರಡು. ಜಡಿಮಳೆಯಲ್ಲಿ ಹತ್ತು ನಿಮಿಷ ಬಿಟ್ಟರೆ ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ ಮಟ್ಟ. ಕ್ಯಾಮೆರಾದ ಒಳಗಿನ ಸೆನ್ಸರ್ ಇಂಥ ಕೋಟಿಗಟ್ಟಲೆ ಲೋಟಗಳ ಅಂಗಳ. ಸರಾಸರಿ 100 ಫೋಟಾನ್ ಬೀಳುವ ಕಡೆ ಏರುಪೇರು ಅದರ ವರ್ಗಮೂಲ, ಎಂದರೆ 10, ನೂರಕ್ಕೆ ಹತ್ತು. 10,000 ಬಿದ್ದರೆ ಏರುಪೇರು 100. ನೂರಕ್ಕೆ ಬರೀ ಒಂದು. ಆ ಏರುಪೇರೇ ಚಿತ್ರದಲ್ಲಿ ಕಾಣುವ ರವೆ. ಐಎಸ್ಒ ಏರಿಸಿದರೆ ಹನಿಗಳು ಹೆಚ್ಚುವುದಿಲ್ಲ. ಬಿದ್ದಷ್ಟನ್ನೇ ಗುಣಿಸಿ ತೋರಿಸುತ್ತದೆ, ಜೊತೆಗೆ ಏರುಪೇರನ್ನೂ ಗುಣಿಸುತ್ತದೆ. ಹುಡುಗನ ಕ್ಯಾಮೆರಾ ‘ಆಟೊ’ದಲ್ಲಿತ್ತು. ನಸುಕಿನ ಕತ್ತಲಿಗೆ ಹೆದರಿ ಅದು ತಾನಾಗಿಯೇ ಐಎಸ್ಒ 12,800ಕ್ಕೆ ಏರಿತ್ತು.

ಹಾಗಾದರೆ ಫೋನು ಹೇಗೆ ಗೆದ್ದಿತು? ಹುಡುಗ ದೂರ ನಿಂತು ಲೆನ್ಸನ್ನು 18ರಿಂದ 55 ಮಿಲಿಮೀಟರಿಗೆ ಎಳೆದಿದ್ದ. ಕ್ಯಾಮೆರಾದ ಜೊತೆಗೆ ಬರುವ ಆ ಲೆನ್ಸಿನ ಕಿಂಡಿ ಅಲ್ಲಿಗೆ ಎಫ್ 5.6ಕ್ಕೆ ಕಿರಿದಾಗುತ್ತದೆ. ಫೋನಿನದು ಎಫ್ 1.8ರ ಕಿಂಡಿ. ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ಅಗಲ, ಬೆಳಕು ವರ್ಗದ ಲೆಕ್ಕದಲ್ಲಿ ಹೆಚ್ಚು. ಅಳತೆಯ ಒಂದು ಚದರ ಮಿಲಿಮೀಟರಿಗೆ ಫೋನು ಪಡೆದ ಬೆಳಕಿನ ಹತ್ತನೆಯ ಒಂದು ಪಾಲು ಮಾತ್ರ ಕ್ಯಾಮೆರಾಕ್ಕೆ ಸಿಕ್ಕಿತು. ಸಾಲದ್ದಕ್ಕೆ ಫೋನು ಕಣ್ಣು ಮಿಟುಕಿಸುವುದರೊಳಗೆ ಹಲವು ಚಿತ್ರ ತೆಗೆದು, ಒಂದರ ಮೇಲೊಂದು ಕೂಡಿಸಿ, ಕಾಳುಗಳನ್ನು ನುಣುಪು ಮಾಡಿ ಕೊಡುತ್ತದೆ. ಕ್ಯಾಮೆರಾ ಆ ಅಡುಗೆಯನ್ನು ಹೆಚ್ಚಾಗಿ ನಮಗೇ ಬಿಡುತ್ತದೆ.

ಸಿಗುವುದು ಕಡಿಮೆ, ಅದನ್ನು ಮುಚ್ಚಿಹಾಕುವ ಗದ್ದಲ ಹೆಚ್ಚು. ಈ ಗೋಳು ಈ ಊರಿಗೆ ಹೊಸದಲ್ಲ. ಹುಡುಗನ ತಾತ ಕೇಜಿನಲ್ಲಿ ಕೂತು ಗಣಿಗೆ ಇಳಿಯುತ್ತಿದ್ದ ದಿನಗಳಲ್ಲಿ ವಿಜ್ಞಾನಿಗಳೂ ಇಳಿಯುತ್ತಿದ್ದರು. ಅವರಿಗೆ ಬೇಕಿದ್ದದ್ದು ಚಿನ್ನವಲ್ಲ, ನ್ಯೂಟ್ರಿನೊ. ನೆಲದ ಮೇಲೆ ಆಕಾಶದಿಂದ ಬರುವ ಮ್ಯೂಯಾನ್ ಕಣಗಳು ಒಂದು ಅಂಗೈಯನ್ನು ನಿಮಿಷಕ್ಕೆ ನೂರರಷ್ಟು ಸಲ ಹಾದುಹೋಗುತ್ತವೆ. ಆ ಗದ್ದಲದಲ್ಲಿ ಅಪರೂಪದ ನ್ಯೂಟ್ರಿನೊದ ಗುರುತು ಹಿಡಿಯುವುದು ಅಸಾಧ್ಯ. ಅದಕ್ಕೇ ಅವರು ಚಾಂಪಿಯನ್ ರೀಫ್ ಗಣಿಯಲ್ಲಿ ಎರಡು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಹೋದರು. ಮೇಲಿನ ಬಂಡೆ ಗದ್ದಲವನ್ನು ತಡೆಯಿತು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಾಂ ವಿಶ್ವವಿದ್ಯಾಲಯಗಳ ತಂಡ 1965ರಲ್ಲಿ ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊದ ಸುಳಿವನ್ನು ಇಲ್ಲಿ ಕಂಡು ವರದಿ ಮಾಡಿತು. ಕಣ ಹಾದ ದಾರಿಯಲ್ಲಿ ಮಿಂಚುತ್ತಿದ್ದ ನಿಯಾನ್ ಕೊಳವೆಗಳನ್ನು ದಾಖಲಿಸುತ್ತಿದ್ದದ್ದೂ ಕ್ಯಾಮೆರಾವೇ. ಯಂತ್ರ ಸರಿಯಿಲ್ಲವೆಂದು ಅವರು ಅಂಗಡಿಗೆ ಹೊತ್ತೊಯ್ಯಲಿಲ್ಲ. ತಾವು ನಿಲ್ಲುವ ಜಾಗ ಬದಲಿಸಿದರು.

ಹುಡುಗನಿಗೂ ಬೇಕಿದ್ದದ್ದು ಜಾಗದ ಬದಲಾವಣೆಯೇ. ಭೌತಶಾಸ್ತ್ರದ ಪುಸ್ತಕದಲ್ಲಿ ಮಸೂರದ ಲೆಕ್ಕವನ್ನು ಅಂಕಕ್ಕಾಗಿ ಮಾಡಿದ್ದವನು ಈಗ ಅಪ್ಪನ ಮುಖಕ್ಕಾಗಿ ಮಾಡಿದ. ಲೆನ್ಸನ್ನು 18ಕ್ಕೆ ತಂದರೆ ಕಿಂಡಿ ಎಫ್ 3.5, ಎರಡೂವರೆ ಪಟ್ಟು ಬೆಳಕು, ಒಂದು ಪೈಸೆ ಖರ್ಚಿಲ್ಲ. ಜೂಮ್ ಎಳೆಯುವ ಬದಲು ಕಾಲು ಎಳೆದುಕೊಂಡು ಹತ್ತಿರ ಹೋದ. ಅಪ್ಪನನ್ನು ಪ್ಲಾಟ್‌ಫಾರಂ ದೀಪದ ಕೆಳಗೆ ಬಂದು ನಿಲ್ಲಲು ಕೇಳಿದ. ಶಟರಿನ ವೇಗವನ್ನು ಸೆಕೆಂಡಿನ 60ನೇ ಒಂದು ಭಾಗಕ್ಕೆ ತಾನೇ ಕಟ್ಟಿಹಾಕಿದ. ಐಎಸ್ಒ 3,200ಕ್ಕೆ ಇಳಿಯಿತು. ಎಫ್ 1.8ರ ಬೇರೆ ಲೆನ್ಸ್ ಇದ್ದಿದ್ದರೆ ಇನ್ನೂ ಇಳಿಯುತ್ತಿತ್ತು, ಆದರೆ ಈ ಕಂತು ಮುಗಿಯುವವರೆಗೆ ಆ ಮಾತು ಆ ಮನೆಯಲ್ಲಿ ಏಳುವಂತಿಲ್ಲ.

1975ರಲ್ಲಿ ಕೊಡಾಕ್ ಕಂಪನಿಯ ಎಂಜಿನಿಯರ್ ಸ್ಟೀವನ್ ಸ್ಯಾಸನ್ ಕಟ್ಟಿದ ಮೊದಲ ಡಿಜಿಟಲ್ ಕ್ಯಾಮೆರಾದಲ್ಲಿ ಇದ್ದದ್ದು ಉದ್ದಗಲ ಸೇರಿ 10,000 ಚುಕ್ಕೆ. ಒಂದು ಕಪ್ಪುಬಿಳುಪು ಚಿತ್ರವನ್ನು ಕ್ಯಾಸೆಟ್ಟಿಗೆ ತುಂಬಲು 23 ಸೆಕೆಂಡು ಬೇಕಿತ್ತು. ಅದರ ಚಿತ್ರದ ಮುಂದೆ ಉರಿಗಾಂ ನಿಲ್ದಾಣದ ಆ ಮೊದಲ ನಾಲ್ಕು ದಿನಗಳ ಚಿತ್ರಗಳೇ ಎಷ್ಟೋ ಮೇಲು.

ಎರಡು ಚಿತ್ರಗಳನ್ನೂ, ಫೋನಿನದನ್ನು ಮತ್ತು ಕ್ಯಾಮೆರಾದ್ದನ್ನು, ಅಮ್ಮನ ಮುಂದಿಟ್ಟಾಗ ಅವರು ಬಹಳ ಹೊತ್ತು ನೋಡಿದರು. ಫೋನಿನ ಚಿತ್ರದಲ್ಲಿ ಅಪ್ಪನ ಕೆನ್ನೆ ಮದುವಣಿಗನ ಕೆನ್ನೆಯಂತೆ ನುಣುಪು. ಕ್ಯಾಮೆರಾದ ಚಿತ್ರದಲ್ಲಿ ಅಲ್ಲಲ್ಲಿ ಕಾಳು ಉಳಿದಿದೆ. ಆದರೆ ಎರಡು ದಿನದ ನರೆಗಡ್ಡ, ನಿದ್ದೆಗೆಟ್ಟ ಕಣ್ಣಿನ ಕೆಳಗಿನ ಗೆರೆ, ಹೆಗಲ ಚೀಲದ ಹೊಲಿಗೆ ಎಲ್ಲ ಇವೆ. ‘ಇದು ನಿಮ್ಮಪ್ಪ’ ಎಂದರು. ಮುಖಕ್ಕೆ ಮಾತ್ರ ಒಂಚೂರು ಹಸಿರು ಛಾಯೆ ಬಂದಿದೆ. ದೀಪದ ಬಣ್ಣದ ಆ ಲೆಕ್ಕವನ್ನು ಹುಡುಗ ಇನ್ನೂ ಬಿಡಿಸುತ್ತಿದ್ದಾನೆ.