ಕಾರುಗಳಿಗೊಂದು ಒರೆಗಲ್ಲು

ಜರ್ಮನಿಯ ಪಶ್ಚಿಮ ಭಾಗದಲ್ಲಿ, ಕಲೋನ್ ನಗರದಿಂದ ದಕ್ಷಿಣಕ್ಕೆ ಸುಮಾರು 70 ಕಿಲೋಮೀಟರು ದೂರದಲ್ಲಿ, ಐಫೆಲ್ ಎಂಬ ಬೆಟ್ಟಸೀಮೆಯೊಂದಿದೆ. ಬಹು ಎತ್ತರದ ಬೆಟ್ಟಗಳೇನೂ ಅಲ್ಲ. ಅವುಗಳಲ್ಲಿ ಹಿರಿಯದಾದ ಹೋಹೆ ಆಖ್ಟ್ ಶಿಖರವೇ 747 ಮೀಟರು. ನಮ್ಮ ಮಲೆನಾಡಿನವರು ಕಂಡರೆ ‘ಇದೂ ಒಂದು ಬೆಟ್ಟವೆ!’ ಎಂದು ನಕ್ಕಾರು. ಆದರೆ ಕಾಡು ದಟ್ಟವಾದುದು. ಹವೆಯಂತೂ ಗಳಿಗೆಗೊಂದು ಬಣ್ಣದ್ದು. ಒಂದು ಕಣಿವೆಯಲ್ಲಿ ಎಳೆ ಬಿಸಿಲು, ಮುಂದಿನ ತಿರುವಿನಲ್ಲಿ ಮಂಜು, ಅದರಾಚೆ ಜಡಿಮಳೆ. ಈ ಕಾಡಿನ ನಡುವೆ ಒಂದು ಗುಡ್ಡದ ನೆತ್ತಿಯ ಮೇಲೆ ಹನ್ನೆರಡನೆಯ ಶತಮಾನದ ಕೋಟೆಯೊಂದು ಹಾಳುಬಿದ್ದು ನಿಂತಿದೆ. ಅದರ ಹೆಸರು ನ್ಯೂರ್ಬುರ್ಗ್.

ಕೋಟೆಯನ್ನು ನೋಡಲೆಂದೇ ಬರುವವರು ಕೆಲವರು. ಕೋಟೆಯ ಸುತ್ತ ಬಳಸಿಕೊಂಡಿರುವ ರಸ್ತೆಗಾಗಿ ಬರುವವರು ಅಸಂಖ್ಯ. ಆ ರಸ್ತೆಯೇ ನ್ಯೂರ್ಬುರ್ಗ್‌ರಿಂಗ್. ಅದರ ಮುಖ್ಯ ಭಾಗವಾದ ‘ನಾರ್ಡ್‌ಶ್ಲೈಫೆ’, ಎಂದರೆ ಉತ್ತರದ ಸುತ್ತು, 20.8 ಕಿಲೋಮೀಟರು ಉದ್ದವಾಗಿದೆ. ಅಷ್ಟರಲ್ಲಿ 73 ತಿರುವುಗಳು. ಅತಿ ತಗ್ಗಿನ ತಾಣಕ್ಕೂ ಅತಿ ಎತ್ತರದ ತಾಣಕ್ಕೂ ಸುಮಾರು 300 ಮೀಟರುಗಳ ಅಂತರ. ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳನ್ನು ಇಳಿದು ಬಂದವರು ಒಮ್ಮೆ ಅದನ್ನು ನೆನೆದುಕೊಳ್ಳಲಿ. ಅಂಥ ಐದು ಘಾಟಿಗಳನ್ನು ಒಂದಕ್ಕೊಂದು ಹೊಲಿದು, ಎದುರಿನಿಂದ ಯಾವ ಬಸ್ಸೂ ಬಾರದಂತೆ ಮಾಡಿ, ‘ಇನ್ನು ನಿಮ್ಮ ಧೈರ್ಯವಿದ್ದಷ್ಟು ವೇಗ’ ಎಂದುಬಿಟ್ಟರೆ ಹೇಗಿದ್ದೀತೋ ಹಾಗಿದೆ ಈ ಹಾದಿ.

ಇದು ಹುಟ್ಟಿದ್ದು ಶ್ರೀಮಂತರ ಶೋಕಿಯಿಂದಲ್ಲ, ಬಡತನದಿಂದ. ಮೊದಲ ಮಹಾಯುದ್ಧದ ಅನಂತರ ಆಡೆನಾವ್ ಎಂಬ ಈ ಹಿಂದುಳಿದ ಸೀಮೆಯಲ್ಲಿ ಕೆಲಸವಿಲ್ಲದ ಕೈಗಳು ಬಹಳವಾಗಿದ್ದವು. ಊರೂರ ನಡುವಣ ರಸ್ತೆಗಳಲ್ಲಿ ಮೋಟಾರು ಪಂದ್ಯ ನಡೆಸುವುದು ಅಪಾಯವೆಂಬುದೂ ಅಷ್ಟರಲ್ಲಿ ಎಲ್ಲರಿಗೂ ಮನವರಿಕೆಯಾಗಿತ್ತು. ಪಂದ್ಯಕ್ಕೆಂದೇ ಒಂದು ರಸ್ತೆ, ಕಟ್ಟುವವರಿಗೆ ಕೂಲಿ, ಜರ್ಮನಿಯ ಕಾರ್ಖಾನೆಗಳಿಗೆ ಪರೀಕ್ಷಾಸ್ಥಳ—ಹೀಗೆ ಮೂರು ಪ್ರಯೋಜನಗಳನ್ನು ಮುಂದಿಟ್ಟು ಜಿಲ್ಲಾಧಿಕಾರಿ ಓಟ್ಟೋ ಕ್ರಾಯ್ಟ್ಸ್ ಯೋಜನೆಯನ್ನು ಮಂಡಿಸಿದ. 1925ರ ಸೆಪ್ಟೆಂಬರಿನಲ್ಲಿ ಅಡಿಗಲ್ಲು ಬಿತ್ತು. 1927ರ ಜೂನಿನಲ್ಲಿ ಪಂದ್ಯಗಳು ಪ್ರಾರಂಭವಾದವು. ಕಾರುಗಳ ಮೊದಲ ಪಂದ್ಯವನ್ನು ಮರ್ಸಿಡಿಸ್ ಕಾರಿನಲ್ಲಿ ರುಡಾಲ್ಫ್ ಕಾರಾಚ್ಚಿಯೊಲಾ ಗೆದ್ದ.

ಇಂದಿಗೂ ಈ ರಸ್ತೆಯ ವೈಶಿಷ್ಟ್ಯವೆಂದರೆ, ನಿಯತ ದಿನಗಳಲ್ಲಿ ಟಿಕೆಟು ಕೊಂಡು ಯಾರಾದರೂ ತಮ್ಮ ಸ್ವಂತ ಕಾರನ್ನು ಇದರ ಮೇಲೆ ಓಡಿಸಬಹುದು. ಆಗ ಅದು ಪಂದ್ಯದ ಕಣವಲ್ಲ. ಏಕಮುಖ ಸಂಚಾರದ ಸುಂಕದ ರಸ್ತೆ. ಸಾಮಾನ್ಯ ಸಂಚಾರ ಕಾನೂನು ಅದಕ್ಕೂ ಅನ್ವಯ. ಹಿಂದಿನಿಂದ ವೇಗವಾಗಿ ಬಂದವನಿಗೆ ಬಲಕ್ಕೆ ಸರಿದು ದಾರಿ ಬಿಡಬೇಕು; ಗಡಿಯಾರ ಹಿಡಿದು ಕಾಲ ಅಳೆಯಕೂಡದು. ಗುದ್ದಿ ರಸ್ತೆಯಂಚಿನ ಉಕ್ಕಿನ ತಡೆಯನ್ನು ಬಗ್ಗಿಸಿದರೆ ಅದರ ಬೆಲೆಯನ್ನೂ ತೆರಬೇಕು. ಹಲವು ವಿಮಾ ಕಂಪನಿಗಳು ಇಲ್ಲಿನ ಅಪಘಾತಗಳ ಹೊಣೆಯನ್ನು ಹೊರುವುದೇ ಇಲ್ಲ.

ಆದರೂ ಶನಿವಾರ ಬಂತೆಂದರೆ ಗೇಟಿನ ಮುಂದಣ ಬಯಲು ಜಾತ್ರೆಯಾಗುತ್ತದೆ. ನಮ್ಮಲ್ಲಿ ದನಗಳ ಜಾತ್ರೆಗೆ ಹೋದ ರೈತ ಎತ್ತಿನ ಹಲ್ಲು ನೋಡಿ, ಸುಳಿ ನೋಡಿ, ಗೊರಸು ನೋಡಿ ತಲೆದೂಗುವಂತೆ ಇಲ್ಲಿ ಜನ ಮೊಣಕಾಲೂರಿ ಒಬ್ಬರ ಕಾರಿನ ಚಕ್ರದ ಹಿಂದಕ್ಕೆ ಇನ್ನೊಬ್ಬರು ಇಣುಕುತ್ತಾರೆ. ಪೋರ್ಷೆ 911 ಜಿ.ಟಿ.-3 ಈ ಜಾತ್ರೆಯ ಹಳ್ಳಿಕಾರ್ ಹೋರಿ. ಬೆಲೆ ಕೇಳಿ ಸುಮ್ಮನಾಗಬೇಕು. 1986ರಲ್ಲಿ ಮೊದಲು ಬಂದ ಬಿ.ಎಂ.ಡಬ್ಲ್ಯು. ಎಂ-3 ಕಾರಿಗೆ ಹಳೆಯದಾದಷ್ಟೂ ಮರ್ಯಾದೆ ಹೆಚ್ಚು. ಮನೆಮಂದಿ ಕೂತು ಸಂತೆಗೆ ಹೋಗಬಹುದಾದ, ಹಾಗೆಯೇ ಇಲ್ಲಿಗೂ ಬರಬಹುದಾದ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿ.ಟಿ.ಐ., ಹಗುರ ಮೈಯ ಮಾಜ್ದಾ ಎಂ.ಎಕ್ಸ್.-5, ರೆನೋ ಮೆಗಾನ್—ಇವು ಮಧ್ಯಮ ವರ್ಗದವರ ಆಯ್ಕೆಗಳು. ಹೊಸಬರಿಗೆ ಕಾರು ಬಾಡಿಗೆ ಕೊಡುವ ಇಲ್ಲಿನ ಅಂಗಡಿಗಳು ಬಹುಕಾಲ ನೆಚ್ಚಿಕೊಂಡಿದ್ದು ಯಾವುದನ್ನು ಗೊತ್ತೆ? ಸುಜುಕಿ ಸ್ವಿಫ್ಟನ್ನು! ನಮ್ಮ ಬೀದಿಬೀದಿಗಳಲ್ಲಿ ಕಾಣುವ ಸ್ವಿಫ್ಟಿನ ಅಣ್ಣನೆನ್ನಬಹುದಾದ ‘ಸ್ಪೋರ್ಟ್’ ಮಾದರಿ ಅದು. ತೂಕ ಕಡಿಮೆ, ನಡತೆ ಸೌಮ್ಯ. ತಪ್ಪಿದರೆ ಗದರಿಸುತ್ತದೆಯೇ ಹೊರತು ಕೊಲ್ಲುವ ಅವಸರ ಅದಕ್ಕಿಲ್ಲ. ಕಾರನ್ನು ಬಲ್ಲವರು ಹೊಸಬರಿಗೆ ಇಂಥದನ್ನೇ ಆರಿಸಿಕೊಡುತ್ತಾರೆಂಬುದು ಗಮನಿಸತಕ್ಕ ಸಂಗತಿ.

ಯಂತ್ರದ ಬಲದಿಂದ ಇಲ್ಲಿ ಮೆರೆಯಬಹುದೆಂದು ಬಂದವನಿಗೆ ಮೊದಲ ಸುತ್ತಿನಲ್ಲೇ ಭ್ರಮನಿರಸನ ಕಾದಿರುತ್ತದೆ. ಈ ಹಾದಿ ಪರೀಕ್ಷಿಸುವುದು ಕಾರಿನ ಎದೆಯನ್ನಲ್ಲ, ಕಾಲನ್ನು. ಅದರ ಸ್ಥಳನಾಮಗಳೇ ಒಂದು ಕಾವ್ಯದಂತಿವೆ. ‘ಫುಕ್ಸ್‌ರ್ಯೋರೆ’ ಎಂದರೆ ನರಿಯ ಕೊಳವೆ. ರಸ್ತೆ ಕಟ್ಟುವಾಗ ನರಿಯೊಂದು ನೀರಿನ ಕೊಳವೆಯಲ್ಲಿ ಅವಿತುಕೊಂಡಿತ್ತೆಂದು ಐತಿಹ್ಯ. ಇಲ್ಲಿ ರಸ್ತೆ ಮರಗಳ ನಡುವೆ ಧುಮ್ಮಿಕ್ಕಿ ಇಳಿಯುತ್ತದೆ. ತಳ ಮುಟ್ಟಿದೊಡನೆ ಮತ್ತೆ ಏರು. ಆ ತಳದಲ್ಲಿ ಇಡೀ ಕಾರು ನೆಲಕ್ಕೆ ಅಪ್ಪಳಿಸುವುದೋ ಎಂಬಂತೆ ಕುಸಿಯುತ್ತದೆ. ಒಳಗೆ ಕುಳಿತವನ ಹೊಟ್ಟೆಯೂ ಅದರೊಡನೆ ಕುಸಿಯುತ್ತದೆ. ‘ಕಾರುಸೆಲ್’ ಎಂಬಲ್ಲಿ ಕಾಂಕ್ರೀಟಿನ ಇಳಿಜಾರು ತೊಟ್ಟಿಯೊಳಕ್ಕೆ ಚಕ್ರವಿಳಿಸಿ ಅರ್ಧವೃತ್ತ ಸುತ್ತಬೇಕು. ಹಾಸುಗಳ ಸಂದುಸಂದಿಗೂ ಕಾರಿನ ಎಲುಬೆಲ್ಲ ಕಟಕಟಿಸುತ್ತದೆ. ‘ಫ್ಲಾಂಟ್ಸ್‌ಗಾರ್ಟೆನ್’, ಸಸಿಯ ತೋಟ, ಎಂಬ ಸಾಧು ಹೆಸರಿನ ಎಡೆಯಲ್ಲಿ ವೇಗದ ಕಾರುಗಳ ಚಕ್ರಗಳು ನೆಲವನ್ನೇ ಬಿಟ್ಟು ಮೇಲೇಳುತ್ತವೆ.

ಇಂಥ ಕಡೆ ಸ್ಪ್ರಿಂಗು ಒಂದೇ ಇದ್ದರೆ ಸಾಲದು. ತೊಟ್ಟಿಲನ್ನು ಒಮ್ಮೆ ತೂಗಿಬಿಟ್ಟರೆ ಅದು ತೂಗುತ್ತಲೇ ಇರುವಂತೆ, ಒತ್ತಿದ ಸ್ಪ್ರಿಂಗು ಮೇಲೆ ಕೆಳಗೆ ಕುಣಿಯುತ್ತಲೇ ಇರುತ್ತದೆ. ಕಾರು ಕುಣಿಯುವಷ್ಟು ಹೊತ್ತೂ ಟೈರಿಗೆ ನೆಲದ ಹಿಡಿತ ಸರಿಯಾಗಿ ದೊರೆಯದು. ಆ ಕುಣಿತವನ್ನು ಅಡಗಿಸುವುದೇ ಷಾಕ್ ಅಬ್ಸಾರ್ಬರಿನ ಕೆಲಸ. ಕೊಳವೆಯೊಳಗಿನ ಎಣ್ಣೆಯನ್ನು ಕೊಂತವೊಂದು ಸಣ್ಣ ರಂಧ್ರಗಳ ಮೂಲಕ ನೂಕುತ್ತದೆ. ಚಲನೆಯೆಲ್ಲ ಶಾಖವಾಗಿ ಕರಗಿಹೋಗುತ್ತದೆ. ಬಿಡದೆ ದುಡಿಸಿದರೆ ಎಣ್ಣೆ ಕಾದು ನೊರೆಯಾಗುತ್ತದೆ. ನೊರೆಗೆ ತಡೆಯುವ ಶಕ್ತಿಯಿಲ್ಲ. ಎಣ್ಣೆಯ ಹಿಂದೆ ಒತ್ತಡದ ಅನಿಲವನ್ನು ತುಂಬಿ ಈ ನೊರೆಯನ್ನು ತಡೆಯುವ ಉಪಾಯವನ್ನು 1950ರ ದಶಕದಲ್ಲಿ ಕಾರುಗಳಿಗೆ ಅಳವಡಿಸಿ ಹೆಸರಾದದ್ದು ಜರ್ಮನಿಯ ಬಿಲ್‌ಷ್ಟೈನ್ ಕಂಪನಿ. ಇಂದು ಹವ್ಯಾಸಿಗಳು ಹಾಕಿಸುವ ದುಬಾರಿ ಷಾಕ್ ಅಬ್ಸಾರ್ಬರುಗಳಲ್ಲಿ ಕುಗ್ಗುವಾಗಿನ ತಡೆ, ಹಿಗ್ಗುವಾಗಿನ ತಡೆ ಎರಡನ್ನೂ ತಿರುಪು ತಿರುಗಿಸಿ ಬೇರೆಬೇರೆಯಾಗಿ ಹೊಂದಿಸಬಹುದು. ಹೊಂದಿಸಬಲ್ಲ ವಿವೇಕ ಮಾತ್ರ ಪೊಟ್ಟಣದೊಳಗೆ ಬರುವುದಿಲ್ಲ.

ಚಕ್ರಗಳ ವಿಷಯವೂ ಇಂಥದೇ. ಸ್ಪ್ರಿಂಗಿನ ಮೇಲಿರುವ ಭಾರ ಬೇರೆ, ಕೆಳಗಿರುವ ಭಾರ ಬೇರೆ. ಚಕ್ರ ಹಗುರವಾದಷ್ಟೂ ಉಬ್ಬುತಗ್ಗುಗಳನ್ನು ಅದು ಚುರುಕಾಗಿ ಅನುಸರಿಸುತ್ತದೆ. ಬಡಿದು ಮಾಡಿದ ಮಿಶ್ರಲೋಹದ ಫುಕ್ಸ್ ಚಕ್ರಗಳು 1966ರಲ್ಲಿ ಪೋರ್ಷೆ 911-ಎಸ್ ಕಾರಿನೊಡನೆ ಬಂದದ್ದು ಈ ಕಾರಣಕ್ಕಾಗಿ. ಐದು ದಳದ ಆ ಚೆಲುವು ಕೊಸರು ಲಾಭ. ಷಿಲ್ಟಾಖ್ ಎಂಬ ಊರಿನಲ್ಲಿ 1970ರಲ್ಲಿ ಪ್ರಾರಂಭವಾದ ಬಿ.ಬಿ.ಎಸ್. ಕಂಪನಿಯ ಜಾಲರಿ ಚಕ್ರಗಳನ್ನಂತೂ ಜನ ಆಭರಣದಂತೆ ಕಾಪಾಡುತ್ತಾರೆ. ಆದರೆ ನೋಟಕ್ಕೆಂದು ಎರಡಂಗುಲ ದೊಡ್ಡ ಚಕ್ರ ತೊಡಿಸಿ, ಅದರ ಮೇಲೆ ಬಳೆಯಷ್ಟು ತೆಳುವಾದ ಟೈರನ್ನು ಏರಿಸಿ, ಕಾರು ನೆಲಕ್ಕೆ ತಾಗುವಂತೆ ಸ್ಪ್ರಿಂಗು ಕತ್ತರಿಸಿದವನ ಪಾಡು ಕಾರುಸೆಲ್ಲಿನಲ್ಲಿ ತಿಳಿಯುತ್ತದೆ. ಜರ್ಮನಿಯಲ್ಲಿ ಇಂಥ ಸ್ವೇಚ್ಛೆಗೆ ಕಾನೂನಿನ ಅಂಕುಶವೂ ಉಂಟು. ಸ್ಪ್ರಿಂಗು, ಚಕ್ರ ಮೊದಲಾದವನ್ನು ಬದಲಾಯಿಸಿದರೆ ಆ ಭಾಗಕ್ಕೆ ಅನುಮತಿಪತ್ರವಿರಬೇಕು, ಇಲ್ಲವೆ ಪರೀಕ್ಷಕರು ನೋಡಿ ಒಪ್ಪಿ ಕಾರಿನ ದಾಖಲೆಯಲ್ಲಿ ಬರೆಯಬೇಕು. ನಮ್ಮಲ್ಲಿ ಹೀಗೆ ಕೇಳಿದರೆ ಕಿರುಕುಳವೆಂದು ಗೊಣಗುತ್ತೇವೆ. ಅಲ್ಲಿಯೂ ಗೊಣಗುತ್ತಾರೆ, ಆದರೆ ಪತ್ರವನ್ನು ಕಾರಿನಲ್ಲೇ ಇಟ್ಟುಕೊಂಡಿರುತ್ತಾರೆ.

ಇಲ್ಲಿಗೆ ಹಲವು ಬಾರಿ ಬಂದು ಹೋದವನನ್ನು ‘ಮೊದಲು ಏನು ಬದಲಾಯಿಸಲಿ?’ ಎಂದು ಕೇಳಿದರೆ ಬರುವ ಉತ್ತರ ನಿರಾಶೆ ಹುಟ್ಟಿಸುವಂಥದು: ‘ಬ್ರೇಕಿನ ಎಣ್ಣೆ.’ ಹೊರಗೆ ಕಾಣದ, ಯಾರೂ ಹೊಗಳದ ವಸ್ತು. ಅದು ಗಾಳಿಯ ತೇವವನ್ನು ಹೀರಿಕೊಳ್ಳುವ ಸ್ವಭಾವದ್ದು. ಹಳತಾದಂತೆಲ್ಲ ಕುದಿಯುವ ಬಿಂದು ಇಳಿಯುತ್ತದೆ. ಮೇಲಿಂದ ಮೇಲೆ ಬ್ರೇಕು ಒತ್ತುತ್ತ ಇಳಿಜಾರು ಇಳಿದಾಗ ಎಣ್ಣೆ ಕುದಿದು ಗುಳ್ಳೆಯೆದ್ದರೆ, ಮುಂದಿನ ತಿರುವಿನಲ್ಲಿ ಬ್ರೇಕಿನ ಪೆಡಲು ಹಿಡಿತವಿಲ್ಲದೆ ತಳಕ್ಕಿಳಿಯುತ್ತದೆ. ಆಮೇಲೆ ಇರುವುದು ದೇವರು ಮತ್ತು ಉಕ್ಕಿನ ತಡೆ.

ಈ ಹಾದಿ ನುಂಗಿದ ಜೀವಗಳು ಕಡಮೆಯಲ್ಲ. ಸತ್ತವರಲ್ಲಿ ಹೆಸರಾಂತ ಸ್ಪರ್ಧಿಗಳೂ ಇದ್ದಾರೆ, ರಜೆಯ ದಿನ ಟಿಕೆಟು ಕೊಂಡು ಬಂದವರೂ ಇದ್ದಾರೆ. 1968ರಲ್ಲಿ ಮಳೆ ಮಂಜುಗಳ ನಡುವೆ, ಮಣಿಕಟ್ಟಿನ ನೋವಿನಲ್ಲೇ, ನಾಲ್ಕು ನಿಮಿಷಗಳಿಗೂ ಮಿಕ್ಕ ಅಂತರದಿಂದ ಗೆದ್ದ ಜ್ಯಾಕಿ ಸ್ಟೂವರ್ಟ್ ಇದಕ್ಕೆ ‘ಹಸಿರು ನರಕ’ ಎಂದು ಹೆಸರಿಟ್ಟ. 1976ರ ಆಗಸ್ಟ್ 1ರಂದು ‘ಬೆರ್ಗ್‌ವೆರ್ಕ್’ ಎಂಬ ತಿರುವಿನ ಹತ್ತಿರ ನಿಕಿ ಲೌಡಾನ ಫೆರಾರಿ ದಿಬ್ಬಕ್ಕೆ ಬಡಿದು ಹೊತ್ತಿ ಉರಿಯಿತು. ಹಿಂದಿನಿಂದ ಬಂದ ಸ್ಪರ್ಧಿಗಳೇ ಪಂದ್ಯವನ್ನು ಮರೆತು, ಕಾರಿನಿಂದಿಳಿದು, ಬೆಂಕಿಯೊಳಗಿಂದ ಅವನನ್ನು ಎಳೆದರು. ಹಿಂಬದಿಯ ಸಸ್ಪೆನ್ಷನ್ನಿನ ಯಾವುದೋ ಭಾಗ ಮುರಿದಿರಬೇಕೆಂಬ ಶಂಕೆ ಇಂದಿಗೂ ಉಳಿದಿದೆ. ಬದುಕುವುದೇ ಸಂದೇಹವೆನ್ನಿಸಿದ್ದ ಲೌಡಾ ಆರು ವಾರಗಳಲ್ಲಿ ಮತ್ತೆ ಪಂದ್ಯಕ್ಕಿಳಿದನೆಂಬುದು ಬೇರೊಂದು ಅದ್ಭುತ. ಗ್ರ್ಯಾನ್ ಪ್ರಿ ಪಂದ್ಯಗಳು ಮಾತ್ರ ಆ ಹಳೆಯ ಸುತ್ತಿಗೆ ಮರಳಲಿಲ್ಲ. ಅವುಗಳಿಗಾಗಿ ಪಕ್ಕದಲ್ಲಿಯೇ 1984ರಲ್ಲಿ ಹೊಸದೊಂದು ಪಥ ಸಿದ್ಧವಾಯಿತು.

ಈ ನರಕವನ್ನೇ ತವರಾಗಿಸಿಕೊಂಡವಳು ಸಬೀನ್ ಷ್ಮಿಟ್ಸ್. 1969ರಲ್ಲಿ ಹುಟ್ಟಿದ ಆಕೆ ನ್ಯೂರ್ಬುರ್ಗ್ ಹಳ್ಳಿಯ ಹೋಟೆಲು ನಡೆಸುವ ಮನೆತನದ ಮಗಳು. 1996 ಮತ್ತು 1997ರಲ್ಲಿ, ಜೊತೆಗಾರರೊಡನೆ ಬಿ.ಎಂ.ಡಬ್ಲ್ಯು. ಎಂ-3 ಕಾರಿನಲ್ಲಿ, ಇಲ್ಲಿನ 24 ಗಂಟೆಗಳ ಪಂದ್ಯವನ್ನು ಗೆದ್ದಳು. ಅದನ್ನು ಗೆದ್ದ ಮೊದಲ ಹೆಣ್ಣುಮಗಳು ಆಕೆ. ಮುಂದೆ ‘ರಿಂಗ್ ಟ್ಯಾಕ್ಸಿ’ ಎಂಬ ಕಾರಿನಲ್ಲಿ ಯಾತ್ರಿಕರನ್ನು ಕೂರಿಸಿಕೊಂಡು, ಮಾತಾಡುತ್ತ, ನಗುತ್ತ, ಅವರು ಬಾಗಿಲ ಹಿಡಿಯನ್ನು ಬಿಗಿಹಿಡಿದಿರುವಂತೆಯೇ ಸುತ್ತು ಮುಗಿಸುತ್ತಿದ್ದಳು. ತನ್ನ ಬದುಕಿನಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಸುತ್ತುಗಳಾಗಿವೆಯೆಂದು ಆಕೆಯದೇ ಅಂದಾಜು. ಬ್ರಿಟನ್ನಿನ ‘ಟಾಪ್ ಗೇರ್’ ಟೆಲಿವಿಷನ್ ಕಾರ್ಯಕ್ರಮದ ನಿರೂಪಕ ಜೆರೆಮಿ ಕ್ಲಾರ್ಕ್‌ಸನ್ ಡೀಸೆಲ್ ಜಾಗ್ವಾರ್ ಕಾರಿನಲ್ಲಿ ಹರಸಾಹಸ ಮಾಡಿ 9 ನಿಮಿಷ 59 ಸೆಕೆಂಡುಗಳಲ್ಲಿ ಸುತ್ತು ಮುಗಿಸಿದಾಗ, ಅಷ್ಟನ್ನು ತಾನು ಸಾಮಾನು ಸಾಗಿಸುವ ವ್ಯಾನಿನಲ್ಲಿಯೇ ಮಾಡಬಲ್ಲೆನೆಂದುಬಿಟ್ಟಳು. 2005ರಲ್ಲಿ ಫೋರ್ಡ್ ಟ್ರಾನ್ಸಿಟ್ ವ್ಯಾನೊಂದನ್ನು ಆಕೆಗೆ ಒಪ್ಪಿಸಿದ್ದೂ ಆಯಿತು. ತೂಕ ಇಳಿಸಲೆಂದು ಅದರೊಳಗಿನದನ್ನು ಕಿತ್ತು ಹಾಕಿದರೇ ಹೊರತು ಅದು ವ್ಯಾನಾಗಿಯೇ ಇತ್ತು. ಆಕೆ ತೆಗೆದುಕೊಂಡ ಕಾಲ 10 ನಿಮಿಷ 8 ಸೆಕೆಂಡು. ಪಣ ಸೋತದ್ದು ಒಂಬತ್ತೇ ಸೆಕೆಂಡಿನಿಂದ! ಮಾರಾಟದ ಪಟ್ಟಿಯಲ್ಲಿನ ಸಕಲ ಅಲಂಕಾರಗಳನ್ನೂ ತೊಟ್ಟು ಬಂದ ಎಷ್ಟೋ ಕಾರುಗಳು ಆ ವ್ಯಾನಿಗೆ ದಾರಿ ಬಿಡಬೇಕಾಗುತ್ತಿತ್ತೆಂಬುದರಲ್ಲಿ ಸಂದೇಹವಿಲ್ಲ.

ಕ್ಯಾನ್ಸರಿನಿಂದ ಆಕೆ 2021ರ ಮಾರ್ಚಿಯಲ್ಲಿ ತೀರಿಕೊಂಡಳು; ವಯಸ್ಸು 51. ಆ ವರ್ಷವೇ ನಾರ್ಡ್‌ಶ್ಲೈಫೆಯ ಮೊದಲ ತಿರುವಿಗೆ ಆಕೆಯ ಹೆಸರನ್ನಿಟ್ಟರು.

ವಾರದ ದಿನಗಳಲ್ಲಿ ಕಾರು ಕಂಪನಿಗಳ ಪರೀಕ್ಷಕರು ಇಲ್ಲಿ ತಮ್ಮ ಹೊಸ ಮಾದರಿಗಳನ್ನು, ಗುರುತು ಸಿಗದಂತೆ ಮೈತುಂಬ ಚಿತ್ತಾರ ಅಂಟಿಸಿ, ಓಡಿಸಿ ನೋಡುತ್ತಾರೆ. ಸುತ್ತಿನ ಕಾಲವನ್ನು ಜಾಹೀರಾತಿನಲ್ಲಿ ಸಾರುವುದು ಒಂದು ಚಟವೇ ಆಗಿದೆ. ಇದರಿಂದ ಊರೊಳಗಿನ ಸಂಸಾರಸ್ಥರಿಗೆ ಲಾಭವೆಷ್ಟು ಎಂದು ಕೇಳಬೇಕಾದದ್ದೇ. ಐಫೆಲ್ಲಿನಲ್ಲಿ ನಾಲ್ಕು ಸೆಕೆಂಡು ಉಳಿಸಲೆಂದು ಬಿಗಿಗೊಳಿಸಿದ ಸ್ಪ್ರಿಂಗು, ಬೆಂಗಳೂರಿನ ಗುಂಡಿಗಳಲ್ಲಿ ಹಿಂದಿನ ಸೀಟಿನ ಅಜ್ಜಿಯ ಸೊಂಟವನ್ನು ಉಳಿಸಲಾರದು. ಬ್ರೇಕು ಗಟ್ಟಿಯಾಗಿದ್ದರೆ ಮಾತ್ರ ಎಲ್ಲ ಊರಿನಲ್ಲೂ ಒಳ್ಳೆಯದೇ.

ಶನಿವಾರ ಸಂಜೆ ಗೇಟು ಮುಚ್ಚಿದ ಮೇಲೆ ಇನ್ನೊಂದು ವಿಧಿ ತೊಡಗುತ್ತದೆ. ಇಡೀ ದಿನ ಓಡಿದ ಕಾರಿನ ಮೂತಿಗೆ ಹುಳುಗಳು ಮೆತ್ತಿರುತ್ತವೆ. ಪಕ್ಕೆಗಳಿಗೆ ಮುಂದಿನವರ ಟೈರಿನಿಂದ ಸಿಡಿದ ರಬ್ಬರಿನ ಚೂರುಗಳು, ಚಕ್ರಗಳಿಗೆ ಬ್ರೇಕಿನ ಕಬ್ಬಿಣದ ಧೂಳು. ಡಬ್ಬಿಗಳು, ಕುಂಚಗಳು, ಮೆತ್ತನೆಯ ನಾರುಬಟ್ಟೆಗಳು ಹೊರಬರುತ್ತವೆ. ಚಕ್ರಕ್ಕೆ ಸಿಂಪಡಿಸಿದ ದ್ರವ ಕಬ್ಬಿಣದ ಧೂಳನ್ನು ಮುಟ್ಟಿ ನೇರಳೆ ಬಣ್ಣಕ್ಕೆ ತಿರುಗಿ, ನೇರಳೆ ಹಣ್ಣು ಹಿಂಡಿದಂತೆ ಸುರಿಯುತ್ತದೆ. ತಿಳಿದವರು ಎರಡು ಬಕೆಟು ಇಡುತ್ತಾರೆ, ಸೋಪುನೀರಿನದೊಂದು, ಕೈಚೀಲ ಜಾಲಿಸಲು ಇನ್ನೊಂದು. ಮರಳಿನ ಕಣ ಮರಳಿ ಮೈಗೆ ತಾಗಿದರೆ ಜೇಡನ ಬಲೆಯಂಥ ಗೀರುಗಳೇಳುತ್ತವೆ. ಆ ಗೀರುಗಳನ್ನು ಪಾಲಿಷ್ ಯಂತ್ರದಿಂದ ಅಳಿಸಬಹುದು, ಆದರೆ ಅಳಿಸಿದಷ್ಟೂ ಬಣ್ಣದ ಮೇಲಿನ ಪಾರದರ್ಶಕ ಪದರವೇ ಸವೆಯುತ್ತದೆ. ಅದರ ದಪ್ಪವೋ, ಕೂದಲೆಳೆಗಿಂತಲೂ ಕಡಿಮೆ. ಆದ್ದರಿಂದ ಕೈಗಳು ನಿಧಾನವಾಗಿ, ಮಗುವಿನ ಮೈ ಒರೆಸುವಂತೆ, ಓಡಾಡುತ್ತವೆ. ಜರ್ಮನಿಯ ಅನೇಕ ಊರುಗಳಲ್ಲಿ ಭಾನುವಾರ ಮನೆಯ ಮುಂದೆ ಕಾರು ತೊಳೆಯುವುದು ನಿಷಿದ್ಧ. ಕತ್ತಲಾಗುವುದರೊಳಗೆ ಕೆಲಸ ಮುಗಿಯಬೇಕು. ನಾಳೆ ತೊಳೆಯುವಂತಿಲ್ಲ, ಗೇಟು ತೆರೆದರೆ ಓಡಿಸಬಹುದು.